ಬಕೆಟ್ಟಿಗೆ ಹಿಡಿದ ಗಾಳಿ



ಕೊಪ್ಪಳದಲ್ಲಿ ನಿಂತು ಕಾರ್ಖಾನೆಯ ಹೊಗೆಯ ಬಗ್ಗೆ ಉಪನ್ಯಾಸ ಕೊಡುವವನು ಸ್ವಲ್ಪ ಹಿಂಜರಿಯಬೇಕು. ಕಾರ್ಖಾನೆಗಳ ಸುತ್ತಲಿನ ಗಿಣಗೇರಿ, ಅಲ್ಲಾನಗರ, ಹಿರೇಬಗನಾಳ, ಕುಣಿಕೇರಿ ಕಡೆಯ ಹುಡುಗ ಹುಡುಗಿಯರು ಮುಂದಿನ ಸಾಲಿನಲ್ಲೇ ಕುಳಿತಿದ್ದೀರಿ. ಆ ಹೊಗೆ ಏನೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಾನು ತಂದಿರುವುದು ಬೇರೆ ಊರುಗಳ ಸಂಗತಿ. ಅಲ್ಲಿನ ಜನ ತಮ್ಮ ಮೂಗಿಗೆ, ಎದೆಗೆ ಗೊತ್ತಿದ್ದುದನ್ನು ಕಚೇರಿಯೂ ಕೋರ್ಟೂ ಕಂಪನಿಯೂ ತಳ್ಳಿಹಾಕಲಾಗದ ದಾಖಲೆಯಾಗಿ ಮಾಡಿದ್ದು ಹೇಗೆ ಎಂಬುದು ಇವತ್ತಿನ ನನ್ನ ವಿಷಯ.

ನೀರು ಕೆಟ್ಟರೆ ಸತ್ತ ಮೀನನ್ನಾದರೂ ತೋರಿಸಬಹುದು. 1980ರ ದಶಕದಲ್ಲಿ ಹರಿಹರದ ಕೆಳಗಿನ ತುಂಗಭದ್ರೆಯ ದಂಡೆಯವರು ಅದನ್ನೇ ತೋರಿಸಿ ಹೋರಾಡಿದರು. ಗಾಳಿಗೆ ಆ ಅನುಕೂಲವಿಲ್ಲ. ರಾತ್ರಿ ಎರಡು ಗಂಟೆಗೆ ಬಿಟ್ಟ ಹೊಗೆ, ದೂರು ಬರೆದು, ಅದು ಟಪಾಲಿನಲ್ಲಿ ದಾಖಲಾಗಿ, ಅಧಿಕಾರಿಯ ಜೀಪು ಊರ ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲಿಯೋ ಹೋಗಿರುತ್ತದೆ. ಅಧಿಕಾರಿ ಸುತ್ತ ನೋಡಿ, ಎಲ್ಲ ಸರಿಯಾಗಿದೆ ಎಂದು ಬರೆಯುತ್ತಾರೆ. ಆ ಹೊತ್ತಿಗೆ ಅವರು ಬರೆದದ್ದು ಸುಳ್ಳೂ ಅಲ್ಲ. ಈ ಎರಡು ಹೊತ್ತಿನ ನಡುವಿನ ಅಂತರದಲ್ಲಿಯೇ ವಾಯುಮಾಲಿನ್ಯದ ದೂರುಗಳೆಲ್ಲ ಸಾಯುತ್ತವೆ. ಆ ಅಂತರವನ್ನು ತುಂಬಿದ ಚಳವಳಿಗಳು ಗೆದ್ದಿವೆ, ಅಥವಾ ಸೋಲನ್ನು ತಡೆದು ನಿಲ್ಲಿಸಿವೆ. ಬರೀ ಕೂಗಿ ಹೇಳಿದವರ ಮಾತು ಎಷ್ಟೇ ನಿಜವಾಗಿದ್ದರೂ ಕಡತದೊಳಗೆ ಹೋಗಲಿಲ್ಲ.

1994ರ ಆಗಸ್ಟ್ 22. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬದಿಯ ರೋಡಿಯೋ ಎಂಬ ಊರಲ್ಲಿ ಯುನೊಕಾಲ್ ಕಂಪನಿಯ ತೈಲ ಶುದ್ಧೀಕರಣ ಘಟಕದಿಂದ ಕ್ಯಾಟಕಾರ್ಬ್ ಎಂಬ ರಾಸಾಯನಿಕ ಸೋರತೊಡಗಿತು. ಘಟಕವನ್ನು ನಿಲ್ಲಿಸಲಿಲ್ಲ. ಹದಿನಾರು ದಿನ ಅದು ಹಾಗೆಯೇ ಸೋರಿತು. ಪಕ್ಕದ ಊರುಗಳ ಜನ ತಲೆನೋವು, ವಾಂತಿ, ಕಣ್ಣುರಿ ಎಂದು ಒದ್ದಾಡಿದರು. ಅವರ ಪರವಾಗಿ ನಿಂತ ವಕೀಲ ಎಡ್ವರ್ಡ್ ಮ್ಯಾಸ್ರಿ. ಅವರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಎರಿನ್ ಬ್ರಾಕೊವಿಚ್ ಅವರ ಹೆಸರಿನ ಸಿನಿಮಾ ನಿಮ್ಮಲ್ಲಿ ಕೆಲವರು ನೋಡಿರಬಹುದು. ಮುಂದೆ ಒಂದು ಸಲ ಇವರಿಬ್ಬರೂ ಆ ಕಡೆ ಹೋಗಿದ್ದಾಗ ಘಟಕದ ಹೊಗೆ ಕುಡಿದು ಸ್ವತಃ ಅಸ್ವಸ್ಥರಾದರು. ಅಧಿಕಾರಿಗಳಿಗೆ ಫೋನು ಮಾಡಿದರೆ, ನಮ್ಮ ಯಂತ್ರಗಳಲ್ಲಿ ಏನೂ ದಾಖಲಾಗಿಲ್ಲ ಎಂಬ ಉತ್ತರ. ತಾನೇ ಅಸ್ವಸ್ಥನಾಗುವಷ್ಟು ಕುಡಿದ ಗಾಳಿಯಲ್ಲಿ ಏನೂ ಇಲ್ಲವೆಂದು ಕೇಳಿಸಿಕೊಂಡ ವಕೀಲ ಒಬ್ಬ ಎಂಜಿನಿಯರನ್ನು ಹಿಡಿದು, ಸಾಮಾನ್ಯ ಜನ ತಾವೇ ಗಾಳಿಯ ಮಾದರಿ ತೆಗೆಯುವಂಥ ಅಗ್ಗದ ಉಪಕರಣವೊಂದನ್ನು ಮಾಡಿಸಿದರು.

ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿದ್ದೀರಿ. ಐದು ಗ್ಯಾಲನ್, ಅಂದರೆ ಸುಮಾರು ಹತ್ತೊಂಬತ್ತು ಲೀಟರಿನ ಮುಚ್ಚಳದ ಪ್ಲಾಸ್ಟಿಕ್ ಬಕೆಟ್. ಬಣ್ಣದ ಅಂಗಡಿಯಲ್ಲಿ ಸಿಗುವಂಥದ್ದು. ಮುಚ್ಚಳಕ್ಕೆ ತೂತು ಕೊರೆದು ಹೊರಗಿನ ಗಾಳಿ ಒಳಗೆ ಬರಲು ಒಂದು ಕೊಳವೆ, ಅದಕ್ಕೊಂದು ವಾಲ್ವು. ಕೊಳವೆಯ ಒಳತುದಿಗೆ ಟೆಡ್ಲಾರ್ ಎಂಬ ಪ್ಲಾಸ್ಟಿಕ್ಕಿನ ಚೀಲ ಕಟ್ಟಿರುತ್ತದೆ. ಆ ಪ್ಲಾಸ್ಟಿಕ್ಕು ಒಳಗಿನ ಅನಿಲದ ಜೊತೆ ಸುಲಭಕ್ಕೆ ಬೆರೆಯುವುದಿಲ್ಲ. ಚೀಲ ಮೊದಲು ಖಾಲಿ, ಮುದುಡಿಕೊಂಡಿರುತ್ತದೆ. ಈಗ ಬಕೆಟ್ಟಿನೊಳಗಿನ, ಚೀಲದ ಹೊರಗಿನ ಗಾಳಿಯನ್ನು ಸಣ್ಣ ಪಂಪಿನಿಂದ ಹೀರಿ ಹೊರಹಾಕಬೇಕು. ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ಗಾಳಿ ಕೊಳವೆಯಿಂದ ನುಗ್ಗಿ ಚೀಲ ತಾನಾಗಿ ಉಬ್ಬುತ್ತದೆ. ಮಾದರಿಯ ಗಾಳಿ ಪಂಪನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ಪಂಪಿನ ಎಣ್ಣೆ, ಕೊಳೆ ಅದಕ್ಕೆ ಸೇರುವ ಹೆದರಿಕೆಯೂ ಇಲ್ಲ. ಕೆಲವು ನಿಮಿಷದ ಕೆಲಸ. ವಾಲ್ವು ಮುಚ್ಚಿ, ಚೀಲ ಬಿಚ್ಚಿ, ಬಿಸಿಲು ತಾಗದಂತೆ ಪೆಟ್ಟಿಗೆಯಲ್ಲಿಟ್ಟು ತಕ್ಷಣ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ಗ್ಯಾಸ್ ಕ್ರೊಮಟೊಗ್ರಾಫಿನಲ್ಲಿ ಒಂದೊಂದು ರಾಸಾಯನಿಕವನ್ನೂ ಬೇರ್ಪಡಿಸಿ, ಅದರ ಪ್ರಮಾಣವೆಷ್ಟು ಎಂದು ಹೇಳುತ್ತಾರೆ. ಇದೇ ಕೆಲಸಕ್ಕೆ ಸರ್ಕಾರಿ ತಜ್ಞರು ಬಳಸುವ ಉಕ್ಕಿನ ಡಬ್ಬಿಗೆ ಆಗ ಸುಮಾರು ಎರಡು ಸಾವಿರ ಡಾಲರ್ ಬೆಲೆ. ಬಕೆಟ್ಟಿಗೆ ಮೊದಮೊದಲು ಅದರ ಎಂಟನೆಯ ಒಂದು ಪಾಲು ಖರ್ಚು, ಮುಂದೆ ಇನ್ನೂ ಕಡಿಮೆಯಾಯಿತು.

ಬಕೆಟ್ಟಿಗಿಂತ ಮುಖ್ಯವಾದದ್ದು ಅದರ ಜೊತೆ ಹೋಗುವ ಒಂದು ಹಾಳೆ. ಮಾದರಿ ತೆಗೆದವರು ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು, ವಾಸನೆ ಎಂಥದು, ಚೀಲ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲರ ಸಹಿ. ಅದಿಲ್ಲದಿದ್ದರೆ ಪ್ರಯೋಗಾಲಯದ ಅಂಕಿಗಳಿಗೆ ಬೆಲೆಯಿಲ್ಲ. ಈ ಶಿಸ್ತನ್ನು ಊರ ಜನರಿಗೆ ಕಲಿಸುತ್ತ ಬಕೆಟ್ಟನ್ನು ಕ್ಯಾಲಿಫೋರ್ನಿಯಾದಿಂದ ಹೊರಗೆ ಒಯ್ದವರು ಡೆನ್ನಿ ಲಾರ್ಸನ್ ಎಂಬ ಸಂಘಟಕ. ಊರೂರಲ್ಲಿ ‘ಬಕೆಟ್ ಬ್ರಿಗೇಡ್’ ಎಂಬ ತಂಡಗಳು ಹುಟ್ಟಿಕೊಂಡವು.

ಅವುಗಳಲ್ಲಿ ನನಗೆ ಬಹಳ ಹತ್ತಿರವೆನಿಸಿದ್ದು ಲೂಸಿಯಾನ ರಾಜ್ಯದ ನಾರ್ಕೊ. ಮಿಸಿಸಿಪ್ಪಿ ನದಿಯ ದಂಡೆಯ ಈ ಪಟ್ಟಣದ ಹೆಸರೇ ಒಂದು ತೈಲ ಕಂಪನಿಯ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ಬ್ಯಾಟನ್ ರೂಜ್‌ನಿಂದ ನ್ಯೂ ಆರ್ಲಿಯನ್ಸ್ ತನಕ ನದಿಯ ಉದ್ದಕ್ಕೂ ಪೆಟ್ರೋಕೆಮಿಕಲ್ ಕಾರ್ಖಾನೆಗಳು. ಜನ ಆ ಪಟ್ಟಿಯನ್ನು ಕ್ಯಾನ್ಸರ್ ಓಣಿ ಎನ್ನುತ್ತಾರೆ. ಹಿಂದೆ ಅಲ್ಲೆಲ್ಲ ಕಬ್ಬಿನ ತೋಟಗಳಿದ್ದವು, ಗುಲಾಮರನ್ನು ದುಡಿಸಿದ ತೋಟಗಳು. 1811ರಲ್ಲಿ ಗುಲಾಮರ ದೊಡ್ಡ ದಂಗೆಯೊಂದು ಇದೇ ನದೀತೀರದಲ್ಲಿ ಎದ್ದಿತ್ತು. ನಾರ್ಕೊ ಪಟ್ಟಣದಲ್ಲಿ ಡೈಮಂಡ್ ಎಂಬ ಕೇರಿ. ನಾಲ್ಕೇ ಬೀದಿ, ಇದ್ದವರೆಲ್ಲ ಕಪ್ಪು ಜನ. ಒಂದು ಮಗ್ಗುಲಲ್ಲಿ ಶೆಲ್ ಕಂಪನಿಯ ರಾಸಾಯನಿಕ ಕಾರ್ಖಾನೆ, ಇನ್ನೊಂದು ಕಡೆ ತೈಲ ಶುದ್ಧೀಕರಣ ಘಟಕ. 1973ರಲ್ಲಿ ಕೊಳವೆಯಿಂದ ಸೋರಿದ ಅನಿಲ ಹೊತ್ತಿಕೊಂಡು, ಮನೆಯಲ್ಲಿದ್ದ ಒಬ್ಬ ವೃದ್ಧೆ ಮತ್ತು ಆ ಮನೆಯಂಗಳದ ಹುಲ್ಲು ಕತ್ತರಿಸುತ್ತಿದ್ದ ಹುಡುಗ ತೀರಿಕೊಂಡರು. 1988ರಲ್ಲಿ ಶುದ್ಧೀಕರಣ ಘಟಕದಲ್ಲಿ ಸ್ಫೋಟವಾಗಿ ಏಳು ಕಾರ್ಮಿಕರು ಸತ್ತರು.

ಮಾರ್ಗಿ ಯೂಜೀನ್ ರಿಚರ್ಡ್ ಆ ಕೇರಿಯಲ್ಲೇ ಬೆಳೆದವರು, ಶಾಲೆಯ ಟೀಚರು. ಕಾರ್ಖಾನೆಯ ಬೇಲಿಯಿಂದ ಅವರ ಮನೆಗೆ ಇಪ್ಪತ್ತೈದು ಅಡಿ. ಅವರ ಸಹೋದರಿ ಸಾರ್ಕಾಯ್ಡೋಸಿಸ್ ಎಂಬ ವಿರಳ ಉರಿಯೂತದ ಕಾಯಿಲೆಯಿಂದ ತೀರಿಕೊಂಡಿದ್ದರು. ನಮ್ಮನ್ನು ಇಲ್ಲಿಂದ ಬೇರೆಡೆಗೆ ಸಾಗಿಸಿ, ಮನೆಗಳಿಗೆ ನ್ಯಾಯವಾದ ಬೆಲೆ ಕೊಡಿ ಎಂಬುದು ಕೇರಿಯವರ ಬೇಡಿಕೆ. ಕೋರ್ಟಿಗೆ ಹೋದರು, 1997ರಲ್ಲಿ ಸೋತರು. ಅದರ ಮರುವರ್ಷ ಬಕೆಟ್ಟು ಅಲ್ಲಿಗೆ ಬಂತು.

ಅಲ್ಲಿಂದ ಮುಂದೆ ಮಾತಿನ ರೀತಿಯೇ ಬದಲಾಯಿತು. ಮೊದಲು ಕೇರಿಯವರು ವಾಸನೆ ಬರುತ್ತಿದೆ ಎನ್ನುವುದು, ಕಂಪನಿಯವರು ಇಲ್ಲ ಎನ್ನುವುದು. ಈಗ ಕೇರಿಯವರ ಕೈಯಲ್ಲಿ ರಾಸಾಯನಿಕದ ಹೆಸರಿತ್ತು, ಪ್ರಮಾಣವಿತ್ತು, ತಾರೀಖಿತ್ತು, ಗಳಿಗೆಯಿತ್ತು. ಆ ಗಳಿಗೆಯಲ್ಲಿ ಕಾರ್ಖಾನೆಯೊಳಗೆ ಏನಾಯಿತು ಎಂದು ಕಂಪನಿಯವರು ತಮ್ಮ ಪುಸ್ತಕ ತೆರೆದು ಹೇಳಬೇಕಾದ ಸ್ಥಿತಿ ಬಂತು. 2000ದಲ್ಲಿ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಾವೇಶ ನಡೆದಾಗ ಈ ಟೀಚರು ನಾರ್ಕೊದ ಗಾಳಿ ತುಂಬಿದ ಚೀಲವನ್ನು ಅಲ್ಲಿಗೇ ಒಯ್ದು ಶೆಲ್‌ನ ಅಧಿಕಾರಿಯ ಮುಂದೆ ಹಿಡಿದರು. ಅದೇ ವರ್ಷ ಕಂಪನಿ ಬೇಲಿಗೆ ಹತ್ತಿರದ ಎರಡು ಬೀದಿಗಳ ಮನೆಗಳನ್ನು ಮಾತ್ರ ಕೊಳ್ಳಲು ಮುಂದಾಗಿತ್ತು. ಅಣ್ಣನ ಮನೆ ಒಂದು ಬೀದಿಯಲ್ಲಿ, ತಂಗಿಯ ಮನೆ ಇನ್ನೊಂದು ಬೀದಿಯಲ್ಲಿ ಇರುವ ಕೇರಿ ಅದು. ಜನ ಒಪ್ಪಲಿಲ್ಲ, ನಾಲ್ಕೂ ಬೀದಿ ಎಂದೇ ಪಟ್ಟು ಹಿಡಿದರು. 2002ರ ಜೂನಿನಲ್ಲಿ ಶೆಲ್ ನಾಲ್ಕೂ ಬೀದಿಗೆ ಒಪ್ಪಿತು. ಎರಡು ವರ್ಷದ ನಂತರ ಮಾರ್ಗಿ ರಿಚರ್ಡ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರು.

ಇದನ್ನು ಪೂರ್ಣ ಗೆಲುವು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕಾರ್ಖಾನೆ ಅಲ್ಲೇ ಉಳಿಯಿತು, ಊರು ಎದ್ದು ಹೋಯಿತು. ತಲೆಮಾರುಗಳಿಂದ ಬಾಳಿದ ನೆಲವನ್ನು ಬಿಟ್ಟು ಹೋಗುವುದೇ ನ್ಯಾಯವೆಂದು ಕೇಳಬೇಕಾಗಿ ಬಂದದ್ದು ದುಃಖದ ಸಂಗತಿ. ಆದರೂ ಕೋರ್ಟಿನಲ್ಲಿ ಸೋತು ಕುಳಿತ ಒಂದು ಬಡ ಕೇರಿ, ಐದೇ ವರ್ಷದಲ್ಲಿ ಲೋಕದ ದೊಡ್ಡ ಕಂಪನಿಗಳಲ್ಲೊಂದನ್ನು ತನ್ನ ಜೊತೆ ಮಾತುಕತೆಗೆ ಕೂರಿಸಿತು.

ಅದಕ್ಕೆ ಅಲ್ಲಿನ ಕಾನೂನಿನ ನೆರವೂ ಸ್ವಲ್ಪ ಇತ್ತು. 1997ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ನಿಯಮ ತಂದಿತು: ಕಾರ್ಖಾನೆ ಮಿತಿ ಮೀರಿದೆ ಎಂದು ತೋರಿಸಲು ನಂಬಲರ್ಹವಾದ ಯಾವ ಸಾಕ್ಷ್ಯವನ್ನಾದರೂ ಬಳಸಬಹುದು, ಗೊತ್ತುಪಡಿಸಿದ ಒಂದೇ ವಿಧಾನದ ಪರೀಕ್ಷೆಯೇ ಬೇಕೆಂದಿಲ್ಲ. ಈಗ ಅಲ್ಲೇ ಗಾಳಿ ತಿರುಗಿದೆ. 2024ರಲ್ಲಿ ಲೂಸಿಯಾನದ ಶಾಸನಸಭೆ, ಸರ್ಕಾರ ಒಪ್ಪಿದ ದುಬಾರಿ ಉಪಕರಣವಿಲ್ಲದೆ ಜನ ಅಳೆದ ಗಾಳಿಯ ಅಂಕಿಗಳನ್ನು ಮುಂದಿಟ್ಟು ಕಾರ್ಖಾನೆಯ ಮೇಲೆ ಆರೋಪ ಹೊರಿಸುವಂತಿಲ್ಲ ಎಂಬ ಕಾಯ್ದೆ ಮಾಡಿತು. ಮೀರಿದರೆ ದಿನಕ್ಕೆ 32,500 ಡಾಲರ್ ತನಕ ದಂಡ. 2025ರ ಮೇ ತಿಂಗಳಲ್ಲಿ ಅಲ್ಲಿನ ಸಮುದಾಯ ಸಂಘಟನೆಗಳು ಅದರ ವಿರುದ್ಧ ಕೋರ್ಟಿಗೆ ಹೋದವು. ಜನ ಅಳೆಯುವುದರಿಂದ ಏನೂ ಆಗುವುದಿಲ್ಲ ಎನ್ನುವವರು ಈ ಕಾಯ್ದೆಯನ್ನು ನೋಡಬೇಕು. ಏನೂ ಆಗದ ಕೆಲಸವನ್ನು ತಡೆಯಲು ಯಾರೂ ಇಷ್ಟು ದಂಡ ಇಡುವುದಿಲ್ಲ.

ಬಕೆಟ್ಟು ನಮ್ಮ ದೇಶಕ್ಕೂ ಬಂತು. ತಮಿಳುನಾಡಿನ ಕಡಲೂರಿನಿಂದ ಚಿದಂಬರಕ್ಕೆ ಹೋಗುವ ರಸ್ತೆಯಲ್ಲಿ, ಉಪ್ಪನಾರ್ ಹೊಳೆಯ ಪಕ್ಕ, ಸಿಪ್‌ಕಾಟ್ ಕೈಗಾರಿಕಾ ವಸಾಹತು ಇದೆ. 1980ರ ದಶಕದಲ್ಲಿ ಬೆಳೆದದ್ದು. ಔಷಧ, ಬಣ್ಣ, ಕೀಟನಾಶಕ, ರಾಸಾಯನಿಕಗಳ ಕಾರ್ಖಾನೆಗಳು. ಈಚ್ಚಂಗಾಡು, ಕುಡಿಕಾಡು, ಸೊನ್ನಂಚಾವಡಿ, ಸಂಗೊಲಿಕುಪ್ಪಂ ಮೊದಲಾದ ಹಳ್ಳಿಗಳು ಇವುಗಳ ಮಗ್ಗುಲಲ್ಲೇ ಇವೆ. 2004ರಲ್ಲಿ ಇಲ್ಲಿನ ಹಳ್ಳಿಗರು ಸಮುದಾಯ ಪರಿಸರ ಉಸ್ತುವಾರಿಗಳು ಎಂದು ತಂಡ ಕಟ್ಟಿಕೊಂಡರು. ಪತ್ರಕರ್ತ ನಿತ್ಯಾನಂದ ಜಯರಾಮನ್, ಶ್ವೇತಾ ನಾರಾಯಣ್ ಮೊದಲಾದವರು ಅವರ ಜೊತೆಗಿದ್ದರು.

ಕಡಲೂರಿನವರು ಬಕೆಟ್ಟಿಗೆ ಕೂಡಿಸಿಕೊಂಡದ್ದು ತಮ್ಮ ಮೂಗನ್ನು. ಮೂಗಿಗೆ ಬಂದದ್ದನ್ನು ಬಂದ ಗಳಿಗೆಯಲ್ಲೇ ಬರೆದಿಡುವುದು ಅವರ ಪದ್ಧತಿ. ಕೊಳೆತ ಮೊಟ್ಟೆಯ ವಾಸನೆಯೋ, ಕೊಳೆತ ಕೋಸಿನದೋ, ಆಸ್ಪತ್ರೆಯ ವಾಸನೆಯೋ, ಉಗುರುಬಣ್ಣದ ಘಾಟೋ, ಹೆಣ ಸುಟ್ಟ ಕಮಟೋ. ಎಷ್ಟು ಗಂಟೆಗೆ ಶುರುವಾಯಿತು, ಯಾವಾಗ ನಿಂತಿತು, ಗಾಳಿ ಯಾವ ಕಡೆಯದು, ಆಗ ಯಾರಿಗೆ ಏನಾಯಿತು. ಹೀಗೆ ಬರೆಯುತ್ತ ಹೋದರೆ, ಯಾವ ವಾಸನೆ ಯಾವ ಗೋಡೆಯ ಹಿಂದಿನಿಂದ ಬರುತ್ತದೆಂದು ಓದು ಬರಹ ಹೆಚ್ಚು ಕಲಿಯದವರಿಗೂ ಖಚಿತವಾಗಿ ತಿಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು ಎಂದು ರಸಾಯನಶಾಸ್ತ್ರದ ಮಕ್ಕಳಿಗೆ ಗೊತ್ತು. ಅದರ ಅತಿಸಣ್ಣ ಪ್ರಮಾಣವನ್ನೂ ಮನುಷ್ಯನ ಮೂಗು ಹಿಡಿಯುತ್ತದೆ, ಆದರೆ ಪ್ರಮಾಣ ಬಹಳ ಏರಿದರೆ ಮೂಗು ಸೋತು ವಾಸನೆಯೇ ತಿಳಿಯದಂತಾಗುತ್ತದೆ. ಅಲ್ಲಿಗೆ ಮೂಗನ್ನು ನಂಬುವುದು ನಿಲ್ಲಿಸಿ ಯಂತ್ರದ ಮೊರೆ ಹೋಗಬೇಕು. ಮೂಗು ಹೊತ್ತು ಹೇಳಿತು, ಬಕೆಟ್ಟು ಪ್ರಮಾಣ ಹೇಳಿತು.

ಚೀಲಗಳು ಅಮೆರಿಕದ ಪ್ರಯೋಗಾಲಯಕ್ಕೆ ವಿಮಾನದಲ್ಲಿ ಹೋದವು, ಏಕೆಂದರೆ ಇಂಥ ಪರೀಕ್ಷೆಯನ್ನು ಇಲ್ಲೇ ಮಾಡಿಸುವುದು ಆಗ ಅಷ್ಟು ಕಷ್ಟವಿತ್ತು. ವರದಿ ಬಂದಾಗ ಅದರಲ್ಲಿ 22 ವಿಷಕಾರಿ ರಾಸಾಯನಿಕಗಳ ಹೆಸರುಗಳಿದ್ದವು. ಅವುಗಳಲ್ಲಿ ಎಂಟು ಕ್ಯಾನ್ಸರ್ ತರಬಲ್ಲವು. ಆಗ ಹೊರಬಿದ್ದ ಇನ್ನೊಂದು ಸಂಗತಿ ನನ್ನ ದೃಷ್ಟಿಯಲ್ಲಿ ಆ ಪಟ್ಟಿಗಿಂತ ದೊಡ್ಡದು. ಊರಿನ ಗಾಳಿಯಲ್ಲಿ ಈ ರಾಸಾಯನಿಕಗಳು ಎಷ್ಟಿರಬಹುದು ಎಂಬುದಕ್ಕೆ ನಮ್ಮ ದೇಶದಲ್ಲಿ ಮಿತಿಯೇ ಇರಲಿಲ್ಲ. ಮಿತಿ ಇಲ್ಲದ ಮೇಲೆ ಮೀರಿದ್ದು ಹೇಗೆ? ಜನ ಅಮೆರಿಕದ ಮಿತಿಗಳ ಜೊತೆ ಹೋಲಿಸಿ ನೋಡಬೇಕಾಯಿತು. ಅದೇ ವರ್ಷ ಅಪಾಯಕಾರಿ ತ್ಯಾಜ್ಯಗಳ ಕುರಿತ ಸುಪ್ರೀಂ ಕೋರ್ಟಿನ ಉಸ್ತುವಾರಿ ಸಮಿತಿ ಕಡಲೂರಿಗೆ ಬಂದು, ಈ ಅನಿಲಗಳ ಮೇಲೆ ಕಣ್ಣಿಡುವಂತೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೇಳಿತು. 2009ರ ನವೆಂಬರಿನಲ್ಲಿ ದೇಶದ ವಾಯು ಗುಣಮಟ್ಟದ ಮಾನದಂಡಗಳು ಪರಿಷ್ಕೃತವಾದವು, ಹನ್ನೆರಡು ಮಾಲಿನ್ಯಕಾರಕಗಳಿಗೆ ಮಿತಿ ಬಂತು. ಬೆಂಜೀನ್ ಆ ಪಟ್ಟಿಗೆ ಸೇರಿದ್ದು ಆಗಲೇ. ಅದೇ ಚಳಿಗಾಲದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತೀವ್ರ ಮಲಿನವೆಂದು ಗುರುತಿಸಿದ 43 ಪ್ರದೇಶಗಳಲ್ಲಿ ಕಡಲೂರು ಇತ್ತು. ನಮ್ಮ ಮಂಗಳೂರು, ಭದ್ರಾವತಿಗಳೂ ಇದ್ದವು.

ಕಾನೂನಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ನಮ್ಮ 1981ರ ವಾಯು ಕಾಯ್ದೆಯ 26ನೇ ಕಲಮಿನ ಪ್ರಕಾರ ಚಿಮಣಿಯ ಹೊಗೆಯ ಮಾದರಿಯನ್ನು ಮಂಡಳಿ ಅಥವಾ ಮಂಡಳಿ ಅಧಿಕಾರ ಕೊಟ್ಟವರು ತೆಗೆಯಬೇಕು. ತೆಗೆಯುವಾಗಲೇ ಕಾರ್ಖಾನೆಯವರಿಗೆ ನೋಟಿಸು ಕೊಡಬೇಕು. ಈ ಕ್ರಮ ತಪ್ಪಿದರೆ ಫಲಿತಾಂಶವನ್ನು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕ್ರಮವಿರಬೇಕು, ಒಪ್ಪೋಣ. ಕಾರ್ಖಾನೆಯವರಿಗೂ ಅನ್ಯಾಯವಾಗಬಾರದು. ಆದರೆ ಉಸಿರಾಡುವವನಿಗೆ ಈ ಕಲಮಿನಲ್ಲಿ ಜಾಗವೇ ಇಲ್ಲ. 1987ರ ತಿದ್ದುಪಡಿಯಿಂದ 43ನೇ ಕಲಮಿನಲ್ಲಿ ಒಂದು ಕಿಂಡಿ ತೆರೆಯಿತು: ಯಾವ ನಾಗರಿಕನಾದರೂ ಅರವತ್ತು ದಿನದ ನೋಟಿಸು ಕೊಟ್ಟು ತಾನೇ ಕೋರ್ಟಿಗೆ ದೂರು ಒಯ್ಯಬಹುದು, ಮತ್ತು ಮಂಡಳಿ ತನ್ನಲ್ಲಿರುವ ಸಂಬಂಧಪಟ್ಟ ವರದಿಗಳನ್ನು ಅವನು ಕೇಳಿದಾಗ ಕೊಡಬೇಕು. 2010ರಲ್ಲಿ ಬಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸಾಕ್ಷ್ಯ ಕಾಯ್ದೆಯ ಕಟ್ಟುಗಳಿಗೆ ಒಳಪಟ್ಟಿಲ್ಲ. ಊರ ಜನರ ಫೋಟೊ, ಡೈರಿ, ಅಳತೆ ಎಲ್ಲವನ್ನೂ ಅದು ನೋಡಬಲ್ಲದು, ನಂಬಿಕೆಗೆ ಅರ್ಹವೆನಿಸಿದರೆ ಪರಿಶೀಲನೆಗೆ ತಜ್ಞರನ್ನು ಕಳಿಸಬಲ್ಲದು. ಇನ್ನೊಂದು ಕಡೆ, ಜನವಿಶ್ವಾಸ ಕಾಯ್ದೆಯ ಮೂಲಕ 2024ರ ಏಪ್ರಿಲ್‌ನಿಂದ ವಾಯು ಕಾಯ್ದೆಯ ಹಲವು ಉಲ್ಲಂಘನೆಗಳಿಗೆ ಜೈಲುಶಿಕ್ಷೆಯ ಬದಲು ಹದಿನೈದು ಲಕ್ಷದ ತನಕ ದಂಡ ಬಂದಿದೆ. ದೊಡ್ಡ ಕಾರ್ಖಾನೆಗೆ ಇದು ಖರ್ಚಿನ ಬಾಬಿನಲ್ಲಿ ಸೇರಿಹೋಗುವ ಮೊತ್ತ. ಈ ಬದಲಾವಣೆ ತಪ್ಪು ದಾರಿಯದು ಎಂದು ನಾನು ಖಚಿತವಾಗಿ ನಂಬಿದ್ದೇನೆ.

ನಾನು ಕರಾವಳಿಯವನು. ನಮ್ಮ ಕಡೆಯ ನಂದಿಕೂರಿನ ಹೆಸರು ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ಸಾವಿರ ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟಲು ಹೊರಟಿತ್ತು. ವರ್ಷಗಟ್ಟಲೆ ಜನರ ವಿರೋಧ, ಕೋರ್ಟಿನ ಅಲೆದಾಟ ಆದ ಮೇಲೆ 1999ರ ಡಿಸೆಂಬರಿನಲ್ಲಿ ಅದು ಯೋಜನೆ ಬಿಟ್ಟು ಹೋಯಿತು. ಜನ ಸಂಭ್ರಮಪಟ್ಟರು. ಆದರೆ ಜಾಗ ಖಾಲಿ ಉಳಿಯಲಿಲ್ಲ. ಬೇರೆ ಕಂಪನಿ ಬಂತು. 2010ರಿಂದ ಪಕ್ಕದ ಎಲ್ಲೂರಿನಲ್ಲಿ ಒಟ್ಟು 1200 ಮೆಗಾವ್ಯಾಟಿನ ಉಡುಪಿ ಪವರ್ ಸ್ಥಾವರ ಒಂದೊಂದೇ ಘಟಕವಾಗಿ ಕೆಲಸ ಶುರುಮಾಡಿತು, 2015ರಲ್ಲಿ ಅದಾನಿ ಗುಂಪಿನ ಕೈಗೆ ಹೋಯಿತು. ಹಾರುಬೂದಿ ಒಂದು ತಾಪತ್ರಯವಾದರೆ, ತಂಪುಗೋಪುರಕ್ಕೆ ಸಮುದ್ರದ ನೀರು ಬಳಸುವುದರಿಂದ ಉಪ್ಪಿನ ತುಂತುರಿನದು ಇನ್ನೊಂದು. ನಂದಿಕೂರಿನ ಜನಜಾಗೃತಿ ಸಮಿತಿ ಬಿಡದೆ ದಾವೆ ನಡೆಸಿತು. ಹಸಿರು ನ್ಯಾಯಮಂಡಳಿ 2019ರಲ್ಲಿ ಮಧ್ಯಂತರವಾಗಿ ಐದು ಕೋಟಿ ಕಟ್ಟಲು ಹೇಳಿತು, ತಜ್ಞರ ಸಮಿತಿ ನೇಮಿಸಿತು. 2022ರ ಮೇ 31ರಂದು ಪರಿಸರ ಪರಿಹಾರವನ್ನು 52 ಕೋಟಿ ರೂಪಾಯಿಗೆ ನಿಗದಿಮಾಡಿತು. ಕೊಜೆಂಟ್ರಿಕ್ಸ್ ದಿನಗಳಲ್ಲಿ ಕರಪತ್ರ ಹಂಚಿದ ಹುಡುಗರಿಗೆ ಅಷ್ಟರಲ್ಲಿ ತಲೆ ನರೆತಿತ್ತು.

ಆ ಸೀಮೆಯ ಬೆಳೆ ಶಂಕರಪುರ ಮಲ್ಲಿಗೆ. ಹೆಂಗಸರು ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡಿನ ಲೆಕ್ಕದಲ್ಲಿ ಹೂ ಕೊಳ್ಳುವ ಕಟ್ಟೆಗೆ ಕೊಡುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ದುಡ್ಡು ಆಮೇಲೆ ಬರುವುದರಿಂದ ಇವತ್ತು ಎಷ್ಟು ಚೆಂಡು ಎಂದು ದಿನದಿನವೂ ಚಿಕ್ಕ ಪುಸ್ತಕದಲ್ಲಿ ಬರೆದಿಡುವ ಮನೆಗಳಿವೆ. ಗಿಡ ಯಾವ ವರ್ಷ ಸೊರಗಿತು, ಯಾವ ತಿಂಗಳು ಮೊಗ್ಗು ಕರಕಾಗಿ ಉದುರಿತು ಎಂಬುದು ಆ ಪುಸ್ತಕಗಳಲ್ಲಿದೆ. ನನ್ನ ಕಣ್ಣಿಗೆ ಅವು ಯಾವ ತಜ್ಞರ ಸಮೀಕ್ಷೆಗೂ ಕಡಿಮೆಯ ದಾಖಲೆಗಳಲ್ಲ. ಸಮೀಕ್ಷೆಗೆ ಬಂದವರು ಒಂದು ವಾರ ಇದ್ದು ಹೋಗುತ್ತಾರೆ, ಹೂ ಕಟ್ಟುವವಳು ಇಪ್ಪತ್ತು ವರ್ಷ ಒಂದೇ ಗಿಡದ ಮುಂದೆ ಕುಳಿತಿರುತ್ತಾಳೆ.

ಈಗ ನಿಮ್ಮ ಊರು. ಮೆತ್ತನೆ ಕಬ್ಬಿಣದ, ಅಂದರೆ ಸ್ಪಾಂಜ್ ಐರನ್ನಿನ ಘಟಕಗಳಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಗಳಲ್ಲಿ ಇದ್ದಾರೆ. ಕಬ್ಬಿಣದ ಅದಿರು, ಕಲ್ಲಿದ್ದಲು, ಡೋಲೊಮೈಟನ್ನು ಉದ್ದನೆಯ ತಿರುಗುವ ಕಿಲ್ನಿಗೆ ಹಾಕಿ ಸುಮಾರು ಸಾವಿರ ಡಿಗ್ರಿ ಶಾಖ ಕೊಡುತ್ತಾರೆ. ಅದಿರು ಕರಗದೆಯೇ ಆಮ್ಲಜನಕ ಕಳೆದುಕೊಂಡು ಕಬ್ಬಿಣವಾಗುತ್ತದೆ. ಕಿಲ್ನಿನಿಂದ ಹೊರಬರುವ ಬಿಸಿ ಅನಿಲದಲ್ಲಿ ವಿಪರೀತ ಧೂಳು. ಆ ಧೂಳನ್ನು ಹಿಡಿಯಲು ಇಎಸ್‌ಪಿ ಎಂಬ ವಿದ್ಯುತ್ ಯಂತ್ರವಿರುತ್ತದೆ. ಅದು ಸರಿಯಾಗಿ ನಡೆದರೆ ಬಹುಪಾಲು ಧೂಳು ಅಲ್ಲೇ ನಿಲ್ಲುತ್ತದೆ. ನಡೆಸಲು ಕರೆಂಟು ಬೇಕು, ದುರಸ್ತಿಗೆ ದುಡ್ಡು ಬೇಕು. ಇಎಸ್‌ಪಿಗೆ ಹೋಗುವ ಮೊದಲೇ, ತುರ್ತಿಗೆಂದು ಇಟ್ಟ ಒಂದು ಬಾಯಿ ಇರುತ್ತದೆ. ಅದರ ಕ್ಯಾಪು ತೆರೆದರೆ ಅನಿಲ ಶುದ್ಧವಾಗದೆ ನೇರ ಆಕಾಶಕ್ಕೆ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಬೆಚ್ಚನೆಯ ಗಾಳಿ ಮೇಲೆ ಮುಚ್ಚಳದಂತೆ ಕುಳಿತಿರುತ್ತದೆ. ಆ ಹೊತ್ತಿನಲ್ಲಿ ಬಿಟ್ಟದ್ದು ಮೇಲೆ ಹೋಗದೆ ಊರಿನ ಮೇಲೇ ಇಳಿಯುತ್ತದೆ.

ಈ ಭಾಗದ ಒಂದು ಹಳ್ಳಿಯಲ್ಲಿ ಒಬ್ಬ ತಾಯಿಯನ್ನು ಮಾತಾಡಿಸಿದೆ. ಅಂಗಳದ ಕಟ್ಟೆಯ ಮೇಲೆ ಕೈಯಾಡಿಸಿ ಅಂಗೈ ತೋರಿಸಿದರು, ಕಪ್ಪಗಿತ್ತು. “ಹೊರಗ ಹಾಸಿಗಿ ಹಾಕೂದು ಬಿಟ್ಟು ಬಾಳ ವರ್ಷ ಆತ್ರಿ. ಬೆಳಗ ಎದ್ದ ಕೂಡ್ಲೇ ಮೊದ್ಲ ಕಟ್ಟಿ ಒರಸೂದು, ಆಮ್ಯಾಲ ಚಾ” ಎಂದರು. ಯಾವತ್ತು ಹೆಚ್ಚು ಬೀಳುತ್ತದವ್ವ ಎಂದು ಕೇಳಿದೆ. “ಅಮಾಸಿ ಹಿಂದಿನ ರಾತ್ರಿ ಬಾಳ ಬಿತ್ತ ನೋಡ್ರಿ. ಒಂದ ಹೊಡದಿತ್ತು. ಮೊಮ್ಮಗಳು ಕೆಮ್ಮಿ ಎದ್ದಳು, ಅದಕ್ಕ ಗಡಿಯಾರ ನೋಡಿದ್ನಿ.” ತಿಥಿ, ಗಂಟೆ, ಮಗುವಿನ ಕೆಮ್ಮು, ಕಟ್ಟೆಯ ಮೇಲಿನ ಬೂದಿ. ನಾರ್ಕೊದ ಕೇರಿಯವರು ತುಂಬುತ್ತಿದ್ದ ಹಾಳೆಯ ಹಲವು ಅಂಕಣಗಳನ್ನು ಈ ತಾಯಿ ಬಾಯಲ್ಲೇ ತುಂಬಿಬಿಟ್ಟರು. ಅದನ್ನು ಬರೆದುಕೊಳ್ಳುವವರು ಇರಲಿಲ್ಲ, ಅಷ್ಟೇ ಕೊರತೆ.

ಮಂಡಳಿಯ ಲೆಕ್ಕ ಬೇರೆ ತರಹದ್ದು. ರಾಷ್ಟ್ರೀಯ ಮಾನದಂಡದಂತೆ ಒಂದು ಕೇಂದ್ರದಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ ಕನಿಷ್ಠ 104 ದಿನ ಅಳೆದರೆ ಸಾಕು. ಉಳಿದ 261 ದಿನ ಅಳತೆಯಿಲ್ಲದೆ ಹೋಗಬಹುದು. ಅಳೆದ ದಿನವೂ ಇಪ್ಪತ್ನಾಲ್ಕು ಗಂಟೆಯ ಸರಾಸರಿ. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಿ. ಪಿಎಂ 10 ಎಂಬ ಸಣ್ಣ ಧೂಳಿಗೆ ದಿನದ ಮಿತಿ ಘನ ಮೀಟರಿಗೆ 100 ಮೈಕ್ರೊಗ್ರಾಂ. ಇಪ್ಪತ್ತೆರಡು ಗಂಟೆ 50 ಇದ್ದು, ನಡುರಾತ್ರಿ ಎರಡು ಗಂಟೆ 600ಕ್ಕೆ ಏರಿತೆಂದು ಇಟ್ಟುಕೊಳ್ಳಿ. ಸರಾಸರಿ 96 ಆಗುತ್ತದೆ. ಮಿತಿಯೊಳಗೇ ಇದೆ ಎಂದು ವರದಿ. ಮೊಮ್ಮಗಳು ಕೆಮ್ಮಿ ಎದ್ದದ್ದು ಆ ಎರಡು ಗಂಟೆಯಲ್ಲಿ. ಮಂಡಳಿಯೂ ಸುಳ್ಳು ಹೇಳಿಲ್ಲ, ಅಜ್ಜಿಯೂ ಸುಳ್ಳು ಹೇಳಿಲ್ಲ. ಆದರೆ ಇಬ್ಬರಲ್ಲಿ ಒಬ್ಬರ ಮಾತು ಮಾತ್ರ ಕಡತ ಸೇರುತ್ತದೆ.

2025ರ ಫೆಬ್ರವರಿ 24ನ್ನು ನೀವು ಮರೆತಿರಲಾರಿರಿ. ಪಟ್ಟಣದ ಮಗ್ಗುಲಲ್ಲೇ ಭಾರಿ ಉಕ್ಕಿನ ಕಾರ್ಖಾನೆ ವಿಸ್ತರಿಸುವುದರ ವಿರುದ್ಧ ಕೊಪ್ಪಳ ಬಂದ್ ಆಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಜನರ ನಡುವೆ ನಿಂತು ಮಾತಾಡಿದರು, ಸಾವಿರಾರು ಜನ ಬೀದಿಗಿಳಿದರು. ಮಾರ್ಚ್ ಮೊದಲ ವಾರದಲ್ಲಿ ಮುಖ್ಯಮಂತ್ರಿಗಳು ಕೆಲಸ ನಿಲ್ಲಿಸಲು ಹೇಳಿದರು. ಒಂದು ಊರು ಪಕ್ಷ, ಜಾತಿ, ಮಠ, ಮಸೀದಿ ನೋಡದೆ ಉಸಿರಿಗಾಗಿ ಒಂದಾದದ್ದು ಈ ರಾಜ್ಯದ ಚರಿತ್ರೆಯಲ್ಲಿ ದೊಡ್ಡ ದಿನ. ಆದರೆ ನಂದಿಕೂರಿನ ಕಡೆಯಿಂದ ಬಂದವನಾಗಿ ಒಂದು ಮಾತು ಹೇಳಲೇಬೇಕು. ನಿಲ್ಲಿಸಿ ಎಂಬ ಮೌಖಿಕ ಆದೇಶ ಕಡತದಲ್ಲಿ ಬಹಳ ದಿನ ಬಾಳುವುದಿಲ್ಲ. ಸರ್ಕಾರ ಬದಲಾಗುತ್ತದೆ, ಕಂಪನಿಯ ಹೆಸರು ಬದಲಾಗುತ್ತದೆ, ಹೊಸ ಪರಿಸರ ಪರಿಣಾಮದ ವರದಿ ತಯಾರಾಗುತ್ತದೆ. ಆ ವರದಿಯಲ್ಲಿ ಕೊಪ್ಪಳದ ಗಾಳಿ ಈಗ ಹೇಗಿದೆ ಎಂಬ ಅಧ್ಯಾಯವನ್ನು ಕಂಪನಿ ದುಡ್ಡು ಕೊಟ್ಟು ನೇಮಿಸಿದ ಸಲಹೆಗಾರರು ಬರೆಯುತ್ತಾರೆ. ಅದರ ಮುಂದೆ ಇಡಲು ಊರಿನ ಕೈಯಲ್ಲಿ ಊರೇ ಬರೆದ ಪುಸ್ತಕ ಇರಬೇಕು.

ಅದಕ್ಕೆ ಕೋಟಿ ರೂಪಾಯಿ ಬೇಡ. ಧೂಳು ಅಳೆಯುವ ಸಣ್ಣ ಸೆನ್ಸರುಗಳು ಈಗ ಕೆಲವು ಸಾವಿರಕ್ಕೆ ಸಿಗುತ್ತವೆ. ಅವು ಮಂಡಳಿಯ ಯಂತ್ರದಷ್ಟು ಕರಾರುವಾಕ್ಕಲ್ಲ, ತೇವ ಹೆಚ್ಚಾದರೆ ತಪ್ಪು ತೋರಿಸುತ್ತವೆ. ಆದರೆ ನಡುರಾತ್ರಿ ಒಂದು ಗಂಟೆಗೆ ಏರಿದ್ದನ್ನು ಏರಿದ್ದೆಂದೇ ತೋರಿಸುತ್ತವೆ. ಅವನ್ನು ಮಂಡಳಿಯ ಯಂತ್ರದ ಪಕ್ಕದಲ್ಲಿ ಕೆಲವು ದಿನ ಇಟ್ಟು ಹೋಲಿಸಿ, ಎಷ್ಟು ಹೆಚ್ಚುಕಡಿಮೆ ತೋರಿಸುತ್ತವೆಂದು ಮೊದಲೇ ಬರೆದಿಡಬೇಕು. ಇಲ್ಲದಿದ್ದರೆ ಎದುರಾಳಿ ವಕೀಲ ಮೊದಲ ಪ್ರಶ್ನೆಗೇ ನಿಮ್ಮನ್ನು ಕೂರಿಸುತ್ತಾನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ರಿಜಿಸ್ಟರಿನಲ್ಲಿ ಕೆಮ್ಮು, ದಮ್ಮು ಎಂದು ಬಂದವರ ಸಂಖ್ಯೆ ತಾರೀಖಿನ ಪ್ರಕಾರ ಇರುತ್ತದೆ. ಹೆಸರು ಬಿಟ್ಟು ಆ ಸಂಖ್ಯೆಯನ್ನಷ್ಟೇ ಕೇಳಿ ಪಡೆಯಬಹುದು. ಹೆಚ್ಚು ಮಾಲಿನ್ಯದ ಕೈಗಾರಿಕೆಗಳು ಚಿಮಣಿಗೆ ನಿರಂತರ ಅಳತೆಯ ಯಂತ್ರ ಹಾಕಿ ಅಂಕಿಗಳನ್ನು ನೇರ ಮಂಡಳಿಗೆ ಕಳಿಸಬೇಕೆಂದು ಕೇಂದ್ರ ಮಂಡಳಿ 2014ರಲ್ಲೇ ಹೇಳಿದೆ. ಆ ಅಂಕಿಗಳು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕಾಣುವಂತಾಗಲಿ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿ. ಒಂದು ಗಂಟೆ ಹೊಡೆದಾಗ ಯಂತ್ರವೂ ಬಂದ್ ಆಗಿತ್ತು ಎಂದು ತಿಳಿದರೆ, ಅದೂ ಒಂದು ದಾಖಲೆ.

ಈ ಕಾಲೇಜಿನ ಪ್ರಾಂಶುಪಾಲರಲ್ಲೂ ರಸಾಯನಶಾಸ್ತ್ರ ವಿಭಾಗದವರಲ್ಲೂ ನನ್ನದೊಂದು ವಿನಂತಿ. ಈ ಉಪನ್ಯಾಸದ ದತ್ತಿಯ ಬಡ್ಡಿಯಲ್ಲಿ ಉಪನ್ಯಾಸಕ್ಕೆ ಬೇಕಾದಷ್ಟು ತೆಗೆದು ಉಳಿದುದನ್ನು ಈ ಅಳತೆಯ ಕೆಲಸಕ್ಕೆ ಕೊಡಲು ದತ್ತಿ ಇಟ್ಟ ಕುಟುಂಬದವರು ಒಪ್ಪಿದ್ದಾರೆ. ನನ್ನ ಇವತ್ತಿನ ಗೌರವಧನವನ್ನೂ ಅದಕ್ಕೇ ಸೇರಿಸಿ. ಕಟ್ಟಡದ ಮೇಲೊಂದು ಗಾಳಿಯ ದಿಕ್ಕು ತೋರಿಸುವ ಯಂತ್ರ, ಕಾರ್ಖಾನೆಗಳ ಸುತ್ತಲಿನ ಹಳ್ಳಿಗಳಿಂದ ಬರುವ ಒಬ್ಬೊಬ್ಬ ವಿದ್ಯಾರ್ಥಿಯ ಕೈಗೆ ಒಂದೊಂದು ಸೆನ್ಸರು, ಪುಟಕ್ಕೆ ನಂಬರು ಹಾಕಿದ ಒಂದೊಂದು ರಿಜಿಸ್ಟರು. ಬರೆಯುವವರು ನೀವು, ಹೇಳುವವರು ನಿಮ್ಮ ಅಜ್ಜಿಯರು. ಅವರು ಅಮಾಸಿ ಎಂದರೆ ಅಮಾಸಿ ಎಂದೇ ಬರೆಯಿರಿ, ಪಕ್ಕದಲ್ಲಿ ತಾರೀಖು ಹಾಕಿಕೊಳ್ಳಿ. ಹೊಗೆ ಕೆಳಗಿಳಿಯುವ ತಿಂಗಳುಗಳು ದೀಪಾವಳಿಯ ನಂತರ ಶುರುವಾಗುತ್ತವೆ, ಅಷ್ಟರೊಳಗೆ ರಿಜಿಸ್ಟರುಗಳು ಮನೆ ಸೇರಿರಲಿ. ತುಂಬುವ ಕ್ರಮವನ್ನು ತೋರಿಸಿಕೊಡಲು ನಾನು ಮತ್ತೆ ಬರುತ್ತೇನೆ.